ಕೆಂಪು ಪಟ್ಟಿ ಕಟ್ಟಿದ ಹಣ್ಣು

ಬೇಸಿಗೆಯ ನಡುವಿನ ಆ ದಿನಗಳಲ್ಲಿ ದೊಡ್ಡ ಸೊಸೆಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಅನುಮಾನಪಡಲು ಮಾತ್ರ ಹೇಗೋ ಪುರುಸೊತ್ತು ಮಾಡಿಕೊಳ್ಳುತ್ತಿದ್ದಳು. ಬೆಳಕು ಹರಿಯುವ ಮೊದಲೇ ಕಲ್ಲಂಗಡಿ ಸಾಲುಗಳಿಗೆ ನೀರು ತಿರುಗಿಸಬೇಕು. ಬಿಸಿಲೇರುವುದರೊಳಗೆ ಮಾರುಕಟ್ಟೆಯ ಹಣ್ಣು ಕಿತ್ತು ನೆರಳಿಗೆ ಸಾಗಿಸಬೇಕು, ಉಳಿದ ಹಣ್ಣು ಬೇಯದಂತೆ ಒಣಹುಲ್ಲು ಹೊದಿಸಬೇಕು. ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಗೇಟಿನ ಮುಂದೆ ಕಾರುಗಳು ಬಂದು ನಿಂತಿರುತ್ತಿದ್ದವು. ಪೇಟೆಯ ಜನ ಮಕ್ಕಳುಮರಿ ಕಟ್ಟಿಕೊಂಡು, ತಾವೇ ಹೊಲಕ್ಕಿಳಿದು ಹಣ್ಣು ಕೀಳುವ ಖುಷಿಗಾಗಿ ಬರುತ್ತಿದ್ದರು. ಅವರನ್ನು ಟ್ರಾಕ್ಟರಿನ ಟ್ರೈಲರಿನಲ್ಲಿ ಕೂರಿಸಿಕೊಂಡು ಹೊಲ ಸುತ್ತಿಸುವುದು ಅವಳ ಗಂಡನ ಕೆಲಸ. ಟ್ರಾಕ್ಟರ್ ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ. ಒಂದು ಮಾತು ಕೇಳಿದರೆ ಎರಡು ಸಲ ಆಕಳಿಸುವ ಆಸಾಮಿ ಅವನು.

ಮನೆಯಲ್ಲಿ ಸೊಸೆ ಅಂತ ಇದ್ದವಳು ಅವಳೊಬ್ಬಳೇ. ಮೈದುನನಿಗಿನ್ನೂ ಮದುವೆಯಾಗಿರಲಿಲ್ಲ. ಆದರೂ ಅತ್ತೆ ಬದುಕಿದ್ದಾಗಲೇ 'ದೊಡ್ಡ ಸೊಸೆ' ಅಂತ ಕರೆದು ರೂಢಿ ಮಾಡಿಬಿಟ್ಟಿದ್ದರು, ಅವಳೂ ಆ ಹೆಸರಿಗೆ ತಕ್ಕ ಗತ್ತಿನಲ್ಲೇ ನಡೆದುಕೊಂಡು ಬಂದಿದ್ದಳು.

ಗೇಟಿನಲ್ಲಿ ನಿಂತು ಬಂದವರಿಗೆ ಹೊಲದ ನಿಯಮ ಹೇಳುವವಳೂ ಅವಳೇ. ನಿಯಮವಿದ್ದದ್ದು ಒಂದೇ.

"ಯಾವ ಹಣ್ಣು ಬೇಕಾದ್ರೂ ಕಿತ್ಕೊಳ್ಳಿ. ತೊಟ್ಟಿಗೆ ಕೆಂಪು ಬಟ್ಟೆಪಟ್ಟಿ ಕಟ್ಟಿರೋದನ್ನ ಮಾತ್ರ ಮುಟ್ಟಬೇಡಿ. ಅದು ಬೀಜದ ಹಣ್ಣು. ನಮ್ಮ ಮಾವ ಆರಿಸಿರೋದು."

"ಹೇಗೆ ಆರಿಸ್ತಾರೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಕೇಳದಿದ್ದರೆ ಅವಳೇ ಹೇಳುತ್ತಿದ್ದಳು.

"ಕಿವಿಯಲ್ಲಿ! ಬೆರಳ ಗೆಣ್ಣಿನಿಂದ ಒಂದು ಸಲ ಬಡೀತಾರೆ ಅಷ್ಟೇ. ಒಳಗೆ ಪೊಳ್ಳಿದ್ಯೋ, ತಿರುಳು ಗಟ್ಟಿ ತುಂಬಿದ್ಯೋ, ನಿಂತಲ್ಲೇ ಹೇಳಿಬಿಡ್ತಾರೆ. ಈ ಹೊಲದ ಹಣ್ಣಿಗೆ ಇಷ್ಟು ರುಚಿ ಯಾಕೆ ಅಂದ್ಕೊಂಡ್ರಿ? ಎಲ್ಲಾ ನಮ್ಮ ಮಾವನ ಕಿವಿ!"

ಇದನ್ನು ಹೇಳುವಾಗ ಅವಳ ಮುಖ ನೋಡಬೇಕು. ಕಿವಿ ಮಾವನದಾದರೂ ಹೆಮ್ಮೆಯೆಲ್ಲ ಅವಳದೇ. ಹಳೆಯ ಕೆಂಪು ಹೊದಿಕೆಯನ್ನು ಹರಿದು ಪಟ್ಟಿ ಮಾಡುವವಳು ಅವಳು. ಮಾವ ಹಣ್ಣು ಬಡಿಯುತ್ತ ಹೋಗುವಾಗ ಬುಟ್ಟಿ ಹಿಡಿದು ಹಿಂದೆ ಹೋಗುವವಳೂ ಅವಳು. ಅತ್ತೆ ಹೋದ ಮೇಲೆ ಬೀಜ ತೊಳೆದು ಒಣಗಿಸಿ ಡಬ್ಬಿಗೆ ತುಂಬುವ ಕೆಲಸವೂ ಅವಳ ಪಾಲಿಗೇ ಬಂದಿತ್ತು. ತವರಿನಿಂದ ಬಂದ ಮೇಲೆ ಈ ಮನೆಯಲ್ಲಿ ತನ್ನದು ಅಂತ ಅವಳು ಎದೆ ತಟ್ಟಿ ಹೇಳಿಕೊಳ್ಳಬಹುದಾದದ್ದು ಆ ಬೀಜದ ಡಬ್ಬಿ ಒಂದೇ.

ಅಂಥ ಮಾವ ಕಳೆದ ಚಳಿಗಾಲದಿಂದ ಬದಲಾಗಿದ್ದರು. ಅಡುಗೆಮನೆಯಿಂದ ಕೂಗಿದರೆ ಓಗೊಡುತ್ತಿರಲಿಲ್ಲ. ಹೊಲದಲ್ಲಿ ಹಿಂದಿನಿಂದ "ಮಾವ, ನೀರು ನಿಲ್ಲಿಸ್ಲಾ?" ಅಂದರೆ ತಿರುಗಿಯೂ ನೋಡದೆ ನಡೆದುಬಿಡುತ್ತಿದ್ದರು. ಊಟಕ್ಕೆ ಕೂತಾಗಲಂತೂ ಅವಳು ಬಾಯಿ ತೆರೆದರೆ ಸಾಕು, ಸುಳ್ಳು ಹಿಡಿಯುವವರ ಥರ ಅವಳ ತುಟಿಯನ್ನೇ ದಿಟ್ಟಿಸುತ್ತಿದ್ದರು. ತಾನು ಏನು ತಪ್ಪು ಮಾಡಿದೆ ಅಂತ ಅವಳು ತಲೆ ಕೆರೆದುಕೊಂಡದ್ದೇ ಬಂತು. ಸಾರಿಗೆ ಉಪ್ಪು ಹೆಚ್ಚಾಯಿತೆ? ಟ್ರಾಕ್ಟರ್ ಹೊಸದು ತರೋಣ ಅಂದದ್ದು ತಪ್ಪಾಯಿತೆ? ಕೊನೆಗೆ, ಯಾರೋ ಮಾವನ ಕಿವಿ ಕಚ್ಚಿದ್ದಾರೆ ಅಂತ ತೀರ್ಮಾನಿಸಿದಳು. ಮನೆಯಲ್ಲಿ ಇದ್ದವರು ನಾಲ್ಕೇ ಜನ. ಗಂಡನಿಗೆ ಯಾರದೇ ಕಿವಿ ಕಚ್ಚುವಷ್ಟು ಚುರುಕಿಲ್ಲ. ಉಳಿದವನು ಮೈದುನ.

ಮೈದುನ ಕೆಟ್ಟವನಲ್ಲ, ಆದರೆ ಅವಳ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನು. ಬಂದವರ ಫೋಟೊ ತೆಗೆಯುವುದು, ಮಕ್ಕಳಿಗೆ ನಗೆ ಬರಿಸುವುದು, ವ್ಯಾನಿನಲ್ಲಿ ಹಣ್ಣು ತುಂಬಿಕೊಂಡು ಪೇಟೆ ಸುತ್ತುವುದು, ಇಷ್ಟರಲ್ಲೇ ಅವನ ದಿನ ಮುಗಿಯುತ್ತಿತ್ತು. ಹೊಲದ ಕೆಸರಿಗೂ ಲೇಸು ಕಟ್ಟಿದ ಬೂಟು ಹಾಕಿಕೊಂಡು ಇಳಿಯುವವನು. ಅವಳು ಕಂಡಂತೆ ಅವನು ಯಾವತ್ತೂ ಒಂದು ಹಣ್ಣನ್ನು ಬಡಿದು ನೋಡಿದವನಲ್ಲ.

ಅನುಮಾನಕ್ಕೆ ಕಾಲು ಬಂದದ್ದು ಒಂದು ಬೆಳಿಗ್ಗೆ. ನೀರಿನ ಪೈಪಿನ ವಾಲ್ವು ತಿರುಗಿಸಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ವಾಲ್ವಿನ ಪಕ್ಕದ ಹಣ್ಣಿಗೆ ಮಾವ ಪಟ್ಟಿ ಕಟ್ಟಿದ್ದರು. ಬುಟ್ಟಿಯಿಂದ ಪಟ್ಟಿ ತೆಗೆದುಕೊಟ್ಟವಳು ಅವಳೇ, ಚೆನ್ನಾಗಿ ನೆನಪಿತ್ತು. ಈಗ ಆ ಹಣ್ಣು ಬೋಳು! ಪಟ್ಟಿ ಇನ್ನೆರಡು ಬಳ್ಳಿ ಆಚೆಗಿನ ಹಣ್ಣಿನ ಮೇಲೆ ಕೂತಿತ್ತು.

ಅವಳು ಸಾಲುಸಾಲಾಗಿ ನೋಡುತ್ತ ಹೋದಳು. ಬೆದರುಬೊಂಬೆಯ ಕೆಳಗಿನದು ಬದಲಾಗಿತ್ತು. ಬೇಲಿಯ ಮೂಲೆಯದೂ ಅಷ್ಟೇ. ಮಾವ ಕಟ್ಟಿದ್ದರಲ್ಲಿ ಒಂದೂ ಇದ್ದಲ್ಲಿ ಇರಲಿಲ್ಲ. ಗಂಟು ನೋಡಿದಳು. ಮಾವನ ಗಂಟು ಗಟ್ಟಿ, ಎರಡು ಸುತ್ತು, ತುದಿ ಒಳಗೆ ಸಿಕ್ಕಿಸಿದ್ದು. ಇವೆಲ್ಲ ಬೂಟಿನ ಲೇಸಿಗೆ ಹಾಕುವ, ಎಳೆದರೆ ಬಿಚ್ಚಿಕೊಳ್ಳುವ ಕುಣಿಕೆಗಳು. ಮನೆಯಲ್ಲಿ ಲೇಸಿನ ಬೂಟು ಹಾಕುವವನು ಒಬ್ಬನೇ.

ಅವಳ ಮೈ ಉರಿದುಹೋಯಿತು. ಆದರೆ ಬಾಯಿ ಬಿಡಲಿಲ್ಲ. ಕಳ್ಳನನ್ನು ಹಿಡಿದರೆ ಮಾಲಿನ ಸಮೇತ ಹಿಡಿಯಬೇಕು ಅನ್ನುವುದು ಅವಳ ಹಟ.

ಅದೇ ವಾರ ಟೊಪ್ಪಿಯವನು ಬಂದ. ಅಗಲ ಅಂಚಿನ ಬಿಳಿ ಟೊಪ್ಪಿ, ಇಸ್ತ್ರಿ ಮಾಡಿದ ಅಂಗಿ. ಹೆಂಡತಿ ಮಕ್ಕಳಿಲ್ಲದೆ ಒಬ್ಬನೇ ಬಂದಿದ್ದ. ಒಬ್ಬನೇ ಹಣ್ಣು ಕೀಳಲು ಯಾರು ಬರುತ್ತಾರೆ? ಅವನು ಹಣ್ಣು ಕೀಳಲೂ ಇಲ್ಲ. ಕೈ ಬೆನ್ನಿಗೆ ಕಟ್ಟಿಕೊಂಡು ಮಾವ ಹೋದಲ್ಲೆಲ್ಲ ಹಿಂದೆ ಹಿಂದೆ ನಡೆದ. ಜೊತೆಗೆ ಮೈದುನ.

ದೊಡ್ಡ ಸೊಸೆ ಹುಲ್ಲಿನ ಮೆದೆಯ ಮರೆಯಲ್ಲಿ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಮಾವ ಬಗ್ಗಿ ಕಳೆ ಕೀಳುತ್ತಿದ್ದರು. ಟೊಪ್ಪಿಯವನು ಅವರ ಬೆನ್ನ ಹಿಂದೆ ನಿಂತು ಬೀಗದ ಕೈಗೊಂಚಲನ್ನು ಕಲ್ಲಿನ ಮೇಲೆ ಬೀಳಿಸಿದ. ಮಾವ ತಲೆ ಎತ್ತಲಿಲ್ಲ. ಆಮೇಲೆ ಜೇಬಿನಿಂದ ಏನೋ ಉಕ್ಕಿನ ಸಾಮಾನು ತೆಗೆದ. ಒಂದು ಹಿಡಿ, ಮೇಲೆ ಎರಡು ಕವಲು. ಅದನ್ನು ತನ್ನ ಮಂಡಿಗೆ ತಟ್ಟಿ ಮಾವನ ತಲೆಯ ಹತ್ತಿರ ಹಿಡಿದ. ಮೈದುನನ ಕಡೆ ನೋಡಿ ಇಲ್ಲ ಅನ್ನುವಂತೆ ತಲೆಯಾಡಿಸಿದ.

ಅವಳಿಗೆ ಥಟ್ಟನೆ ಹೊಳೆಯಿತು. ಕವಲುಕಡ್ಡಿ! ನೆಲದೊಳಗೆ ನೀರಿದೆಯೋ ಇಲ್ಲವೋ ನೋಡುವ ಕಡ್ಡಿ! ಹಿಂದಿನ ಕಾಲದವರು ಮರದ್ದು ಹಿಡಿಯುತ್ತಿದ್ದರು, ಪೇಟೆಯವನು ಉಕ್ಕಿನದು ಮಾಡಿಸಿಕೊಂಡಿದ್ದಾನೆ. ನೀರು ನೋಡುವವನು ಸುಮ್ಮನೆ ನೋಡುತ್ತಾನೆಯೇ? ನೆಲ ಕೊಳ್ಳುವವನೇ ನೀರು ನೋಡುವುದು.

ಈಗ ಒಂದಕ್ಕೊಂದು ಕೂಡಿಬಂತು. ಪಟ್ಟಿ ಬದಲಾಯಿಸಿದರೆ ಬೀಜ ಕೆಡುತ್ತದೆ. ಬೀಜ ಕೆಟ್ಟರೆ ಬರುವ ವರ್ಷದ ಹಣ್ಣು ಪೊಳ್ಳಾಗುತ್ತದೆ. ಹಣ್ಣು ಪೊಳ್ಳಾದರೆ ಜನ ಬರುವುದು ನಿಲ್ಲುತ್ತದೆ. ಆಗ ಮೈದುನ ಅಪ್ಪನ ಮುಂದೆ ಕೂತು, ಈ ಹೊಲದಲ್ಲಿ ಇನ್ನೇನಿದೆ, ಮಾರಿಬಿಡೋಣ ಅನ್ನುತ್ತಾನೆ. ಮಾವ ಈಗಲೇ ತನ್ನ ಮಾತಿಗೆ ಕಿವಿಗೊಡುತ್ತಿಲ್ಲ, ಆಗ ಕೊಡುತ್ತಾರೆಯೇ? ಇಷ್ಟು ಚೊಕ್ಕವಾಗಿ ಹೆಣೆದ ಒಳಸಂಚನ್ನು ಕಂಡುಹಿಡಿದ ತನ್ನ ಬುದ್ಧಿಗೆ ಅವಳು ಒಳಗೊಳಗೇ ಶಹಬ್ಬಾಸ್ ಹೇಳಿಕೊಂಡಳು.

ಊಟದ ಹೊತ್ತಿಗೆ ಗಂಡನನ್ನು ಟ್ರಾಕ್ಟರಿನ ನೆರಳಿಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದಳು. ಅವನು ಆಕಳಿಸಿದ.

"ಅವನಾ? ಹೊಲ ಮಾರ್ತಾನಾ? ನೆಟ್ಟಗೆ ಒಂದು ಹಗ್ಗ ಕಟ್ಟೋಕೆ ಬರಲ್ಲ ಅವನಿಗೆ."

"ಅದನ್ನೇ ಹೇಳ್ತಿರೋದು ನಾನೂ! ಆ ಗಂಟಿಂದಲೇ ಸಿಕ್ಕಿಬಿದ್ದ!"

"ಬಿಸಿಲು ಜಾಸ್ತಿ ಕಣೆ. ತಲೆ ಮೇಲೆ ಬಟ್ಟೆ ಹಾಕ್ಕೊಂಡು ಓಡಾಡು," ಅಂದು ಅವನು ಟ್ರಾಕ್ಟರ್ ಹತ್ತಿದ. ಇವರಪ್ಪನ ಆಸ್ತಿ ಹೋದರೂ ಇವರಿಗೆ ನಿದ್ದೆ ಕೆಡುವುದಿಲ್ಲ, ಎಲ್ಲ ನನ್ನ ತಲೆಗೇ ಅಂತ ಅವಳು ಗೊಣಗಿಕೊಂಡು ಗೇಟಿಗೆ ಹೋದಳು.

ಟೊಪ್ಪಿಯವನು ಮತ್ತೆ ಬಂದಾಗ ಅವಳು ಹಣ್ಣಿನ ಬುಟ್ಟಿಗಳನ್ನು ಜೋಡಿಸುವ ನೆಪದಲ್ಲಿ ಕೊಟ್ಟಿಗೆಯ ಗೋಡೆಗೆ ಆತು ನಿಂತಳು. ಆಚೆ ಮೈದುನನ ದನಿ ಪಿಸುಪಿಸು ಕೇಳಿಸಿತು.

"ಸದ್ಯಕ್ಕೆ ಅತ್ತಿಗೆಗೆ ಗೊತ್ತಾಗಬಾರದು. ಗೊತ್ತಾದ್ರೆ ಅಪ್ಪ ಸುತರಾಂ ಒಪ್ಪಲ್ಲ. ಭಾನುವಾರ ಹಣ್ಣು ಕತ್ತರಿಸೋದು ಮುಗಿದುಬಿಡ್ಲಿ, ಆಮೇಲೆ ನಾನು ಒಪ್ಪಿಸ್ತೀನಿ."

"ತಡ ಮಾಡಿದಷ್ಟೂ ಕಷ್ಟ," ಅಂದ ಟೊಪ್ಪಿಯವನು.

ಇನ್ನೇನು ಬೇಕು? ಅವಳ ಕೈಯಲ್ಲಿದ್ದ ಬುಟ್ಟಿ ಜಾರಿ ಬಿತ್ತು. ಆಚೆ ಇಬ್ಬರ ಹೆಜ್ಜೆ ಸದ್ದು ದೂರವಾಯಿತು.

ಆ ಮನೆಯಲ್ಲಿ ಒಂದು ವಾಡಿಕೆಯಿತ್ತು. ಹಂಗಾಮು ಮುಗಿಯುವ ವಾರ, ಶನಿವಾರ ಕೊನೆಯ ಕೊಯ್ಲು. ಅಂದು ಹೊಲಕ್ಕೆ ಜನರನ್ನು ಬಿಟ್ಟು, ಉಳಿದ ಹಣ್ಣೆಲ್ಲ ಖಾಲಿ ಮಾಡುತ್ತಿದ್ದರು. ಭಾನುವಾರ, ಪಟ್ಟಿ ಕಟ್ಟಿದ ಹಣ್ಣುಗಳನ್ನು ಅಂಗಳದ ಉದ್ದ ಮೇಜಿನ ಮೇಲಿಟ್ಟು, ಬಂದವರೆಲ್ಲರ ಎದುರಿಗೆ ಮಾವ ಕತ್ತರಿಸುತ್ತಿದ್ದರು. ತಿರುಳು ಬಂದವರಿಗೆ, ಬೀಜ ಮನೆಗೆ.

ಶನಿವಾರ ಮೈದುನ ವ್ಯಾನು ತುಂಬಿಕೊಂಡು ಪೇಟೆಗೆ ಹೋದದ್ದೇ ತಡ, ದೊಡ್ಡ ಸೊಸೆ ಹೊಲಕ್ಕಿಳಿದಳು. ಲೇಸಿನ ಕುಣಿಕೆಗಳನ್ನು ಒಂದೊಂದಾಗಿ ಎಳೆದು ಬಿಚ್ಚಿದಳು. ವಾಲ್ವಿನ ಪಕ್ಕ, ಬೆದರುಬೊಂಬೆಯ ಕೆಳಗೆ, ಬೇಲಿಯ ಮೂಲೆಗೆ, ಮಾವ ಎಲ್ಲಿ ಕಟ್ಟಿದ್ದರೋ ಅಲ್ಲಿಗೇ ಮತ್ತೆ ಪಟ್ಟಿ ಕಟ್ಟಿದಳು. ಎರಡು ಸುತ್ತು, ತುದಿ ಒಳಗೆ. ಮೈದುನ ಆರಿಸಿದ್ದ ಹಣ್ಣುಗಳು ಉಳಿದರೆ ತಾನೇ ಅವನು ಮತ್ತೆ ಆಟವಾಡುವುದು? ಬಂದ ಮೊದಲ ಗುಂಪನ್ನು ತಾನೇ ಆ ಬಳ್ಳಿಗಳ ಹತ್ತಿರ ಕರೆದುಕೊಂಡು ಹೋಗಿ, "ಇಲ್ಲಿ ಕೀಳಿ, ಇವು ಚೆನ್ನಾಗಿವೆ" ಅಂತ ತೋರಿಸಿದಳು. ಮಕ್ಕಳು ಕೇಕೆ ಹಾಕಿ ಕಿತ್ತರು. ಅವಳ ಎದೆ ಹಗುರಾಯಿತು.

ಮಧ್ಯಾಹ್ನ ಟೊಪ್ಪಿಯವನು ಬಂದ. ಬೇಲಿಯ ಹತ್ತಿರ ಅವನ ಕಾಲ ಬಳಿ, ಮೈದುನ ಆರಿಸಿದ್ದರಲ್ಲಿ ಒಂದೇ ಒಂದು ಹಣ್ಣು ಉಳಿದಿತ್ತು.

"ಇದಕ್ಕೆ ಮೊನ್ನೆ ಪಟ್ಟಿ ಇತ್ತಲ್ವಾ?" ಅಂತ ಕೇಳಿದ.

ನೋಡಿದೆಯಾ, ಎಲ್ಲ ಗುರುತಿಟ್ಟುಕೊಂಡಿದ್ದಾನೆ! ಅವಳು ಕುಡುಗೋಲಿನಿಂದ ತೊಟ್ಟು ಕತ್ತರಿಸಿ ಹಣ್ಣನ್ನು ಅವನ ಕೈಗೇ ಹೇರಿದಳು. "ತಗೊಂಡು ಹೋಗಿ. ನಮಗೇನೂ ಬೇಕಾಗಿಲ್ಲ ಇದು." ಅವನು ಏನೋ ಕೇಳಲು ಬಾಯಿ ತೆರೆದ. ಅವಳು ಮುಖ ತಿರುಗಿಸಿ ಹೊರಟೇಬಿಟ್ಟಳು. ಸಂಜೆಯ ಹೊತ್ತಿಗೆ ಹೊಲದಲ್ಲಿ ಕೆಂಪು ಪಟ್ಟಿಯ ಹಣ್ಣುಗಳನ್ನು ಬಿಟ್ಟರೆ ಬಾಡಿದ ಬಳ್ಳಿ, ಎಳೆಗಾಯಿ, ಅಷ್ಟೇ ಉಳಿದದ್ದು.

ಭಾನುವಾರ ಅಂಗಳ ತುಂಬಿತು. ಮೈದುನ ತಡವಾಗಿ ಎದ್ದು ಬಂದು ಮೇಜಿನ ಮೇಲಿದ್ದ ಹಣ್ಣುಗಳನ್ನು ನೋಡಿದ. ಗಂಟುಗಳನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಅತ್ತಿಗೆ, ಇವು..."

"ಇವು ಮಾವ ಆರಿಸಿದ್ದು. ಯಾಕೆ, ಏನಾಗ್ಬೇಕಿತ್ತು?"

ಅವನು ಅಪ್ಪನ ಕಡೆ ನೋಡಿದ, ಕಾದು ನಿಂತ ಜನರ ಕಡೆ ನೋಡಿದ, ಮೇಜಿನಿಂದ ಹಿಂದೆ ಸರಿದು ನಿಂತ. ಸಿಕ್ಕಿಬಿದ್ದವನ ಮುಖ ಹೀಗೇ ಇರುತ್ತದೆ ಅಂತ ಅವಳು ಕಣ್ತುಂಬ ನೋಡಿಕೊಂಡಳು.

ಮಾವ ಉದ್ದನೆಯ ಚಾಕು ತೆಗೆದುಕೊಂಡು ಮೊದಲ ಹಣ್ಣನ್ನು ಸೀಳಿದರು. ಹೋಳುಗಳು ಎರಡೂ ಕಡೆ ಉರುಳಿದವು. ನಟ್ಟನಡುವೆ ಬೆರಳು ಹೋಗುವಷ್ಟು ಅಗಲದ ಬಿರುಕು. ಪೊಳ್ಳು.

ಬಂದವರಿಗೆ ಅದು ಗೊತ್ತಾಗಲಿಲ್ಲ. ಪೊಳ್ಳು ಹಣ್ಣೂ ಸಿಹಿಯಾಗಿಯೇ ಇರುತ್ತದೆ. ಅವರು ಹೋಳು ಕಚ್ಚಿ, ರಸ ಮೊಣಕೈವರೆಗೆ ಇಳಿಸಿಕೊಂಡು, "ಆಹಾ" ಅಂದರು. ಮಾವ ಎರಡನೆಯದನ್ನು ಸೀಳಿದರು. ಪೊಳ್ಳು. ಮೂರನೆಯದರಲ್ಲಿ ಇನ್ನೂ ದೊಡ್ಡ ಬಿರುಕು. ಉಳಿದವೂ ಹಾಗೇ. ಮಾವ ಚಾಕನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, ಕೊಟ್ಟಿಗೆಯ ಹಿಂದಕ್ಕೆ ನಡೆದುಹೋದರು.

ದೊಡ್ಡ ಸೊಸೆ ಮೈದುನನ ರಟ್ಟೆ ಹಿಡಿದು ಮೂಲೆಗೆ ಎಳೆದಳು.

"ರಾತ್ರೋರಾತ್ರಿ ಮತ್ತೆ ಬದಲಾಯಿಸಿದ್ಯಾ? ನಿಜ ಹೇಳು!"

"ನಾನೆಲ್ಲಿ ಬದಲಾಯಿಸಿದೆ? ನೀವು ಬದಲಾಯಿಸಿದ್ರಾ ಅತ್ತಿಗೆ?"

"ನಾನು ಬದಲಾಯಿಸಲಿಲ್ಲ, ಮಾವ ಕಟ್ಟಿದ ಜಾಗಕ್ಕೇ ವಾಪಸ್ ಕಟ್ಟಿದೆ!"

ಮೈದುನ ಗೋಡೆಗೆ ಒರಗಿ ಅಲ್ಲೇ ಕುಕ್ಕರಿಸಿದ. "ಅಪ್ಪನಿಗೆ ಕಿವಿ ಕೇಳಿಸ್ತಿಲ್ಲ ಅತ್ತಿಗೆ. ಹಣ್ಣು ಬಡಿದ್ರೆ ಏನೂ ಕೇಳಿಸಲ್ಲ. ಬರೀ ಬಣ್ಣ, ಆಕಾರ ನೋಡಿ ಅಂದಾಜಿನಲ್ಲಿ ಕಟ್ಟಿದಾರೆ. ಈ ವರ್ಷದ ಶೆಕೆಗೆ ಅರ್ಧಕ್ಕರ್ಧ ಹಣ್ಣು ಪೊಳ್ಳು. ಅದಕ್ಕೇ ಅವರು ಮಲಗಿದ್ದಾಗ ಹೋಗಿ, ನಾನೇ ಬಡಿದು ನೋಡಿ, ಗಟ್ಟಿ ಇರೋದಕ್ಕೆ ಕಟ್ಟಿದ್ದೆ."

"ನೀನಾ? ನಿನಗೆಲ್ಲಿ ಬರುತ್ತೆ ಬಡಿದು ನೋಡೋದು?"

"ಅಮ್ಮ ಇದ್ದಾಗಲೇ ಅಪ್ಪ ಕಲಿಸಿದಾರೆ. ನೀವು ಯಾವತ್ತಾದ್ರೂ ಕೇಳಿದ್ರಾ?"

ಅವಳು ಕೇಳಿರಲಿಲ್ಲ.

"ಮತ್ತೆ ಆ ಟೊಪ್ಪಿಯವನು? ಆ ಕವಲುಕಡ್ಡಿ?"

"ಕಿವಿ ಡಾಕ್ಟ್ರು ಅವರು. ಅಪ್ಪ ಆಸ್ಪತ್ರೆಗೆ ಬರಲ್ಲ ಅಂತ ಹಟ ಹಿಡಿದ್ರು. ಹಣ್ಣು ಕೀಳೋ ನೆಪದಲ್ಲಿ ಬಂದು ನೋಡಿ ಅಂತ ನಾನೇ ಕಾಲು ಹಿಡ್ಕೊಂಡೆ. ಆ ಕಡ್ಡಿ ತಟ್ಟಿದ್ರೆ ಸದ್ದು ಬರುತ್ತೆ, ಕಿವಿ ಪರೀಕ್ಷೆಗೆ ಇರೋದು."

ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು ಅವಳಿಗೆ. ಗಟ್ಟಿ ಹಣ್ಣುಗಳನ್ನು ಕೈತೋರಿಸಿ ಕೀಳಿಸಿದವಳು ತಾನು. ಈ ಹೊತ್ತಿಗೆ ಅವುಗಳ ಬೀಜ ಯಾರ ಯಾರ ಮನೆಯ ಕಸದ ಬುಟ್ಟಿಯಲ್ಲಿದೆಯೋ! ಅತ್ತೆ ಕಾಪಾಡಿಕೊಟ್ಟ ಬೀಜವನ್ನು ಬೇರೆ ಯಾರೂ ಹಾಳು ಮಾಡಲಿಲ್ಲ. ಕಾಯಲು ನಿಂತವಳೇ ಒಂದೇ ಹಗಲಿನಲ್ಲಿ ತೀರಿಸಿಬಿಟ್ಟಳು.

"ನನಗೆ ಒಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ?" ಅಂದಳು.

"ಹೇಳಿದ್ರೆ ನಂಬ್ತಿದ್ರಾ?" ಅಂದ ಮೈದುನ, ಮೆಲ್ಲಗೆ. "ಅಪ್ಪನೇ ಹೇಳಿದ್ರು. ಯಾರಿಗೆ ಬೇಕಾದ್ರೂ ಹೇಳು, ದೊಡ್ಡ ಸೊಸೆಗೆ ಮಾತ್ರ ಬೇಡ ಅಂತ."

ಆ ಮಾತು ನೇರ ಬಂದು ಎದೆಗೆ ನಾಟಿತು. ಅವಳು ಕಣ್ಣೊರೆಸಿಕೊಂಡು ನೇರ ಅಂಗಳಕ್ಕೆ ಬಂದಳು. ಗುಂಪಿನ ಅಂಚಿನಲ್ಲಿ ಬಿಳಿ ಟೊಪ್ಪಿ ಕಾಣಿಸಿತು. ನಿನ್ನೆ ಮುಖ ತಿರುಗಿಸಿದವಳು ಇಂದು ಅವನ ಎದುರು ಕೈಮುಗಿದು ನಿಂತಳು.

"ಡಾಕ್ಟ್ರೇ, ನಿನ್ನೆ ನಾನು ಕೊಟ್ಟ ಹಣ್ಣು ತಿಂದ್ರಾ?"

"ಇಲ್ಲಮ್ಮ, ಕಾರಲ್ಲೇ ಇದೆ. ಪಟ್ಟಿ ಇದ್ದ ಹಣ್ಣು, ನೀವು ಸಿಟ್ಟಲ್ಲಿ ಕೊಟ್ಟ ಹಾಗಿತ್ತು. ಮತ್ತೊಂದು ಸಲ ಕೇಳಿಕೊಂಡೇ ಕತ್ತರಿಸೋಣ ಅಂತ ವಾಪಸ್ ತಂದೆ."

ಯಾರ ಹಿಂದೆ ವಾರವೆಲ್ಲ ಕಳ್ಳಬೆಕ್ಕಿನ ಹಾಗೆ ಸುಳಿದಾಡಿದ್ದಳೋ, ಅವನ ಕಾರಿನಿಂದಲೇ ಅವಳು ಹಣ್ಣನ್ನು ಎರಡೂ ಕೈಯಲ್ಲಿ ಎತ್ತಿ ಎದೆಗವಚಿಕೊಂಡಳು. ಒಂದೇ ಹಣ್ಣು. ಅದರ ಬೀಜ ಹೊಲದ ಒಂದು ಮೂಲೆಗೂ ಸಾಲದು. ಬರುವ ಬೇಸಿಗೆಗೆ ಗೇಟು ಮುಚ್ಚಬೇಕಾದೀತು, ಮತ್ತೆ ಹೊಲ ತುಂಬಲು ಇನ್ನೊಂದು ಬೇಸಿಗೆ ಕಾಯಬೇಕಾದೀತು. ಆದರೂ ಬೀಜವೇ ಇಲ್ಲ ಅನ್ನುವ ಹಾಗಿರಲಿಲ್ಲ.

ಕೊಟ್ಟಿಗೆಯ ಹಿಂದೆ ಮಾವ ಕಲ್ಲಿನ ಮೇಲೆ ಕೂತಿದ್ದರು, ಬೆನ್ನು ಈ ಕಡೆಗೆ. ಮೈದುನ, ಡಾಕ್ಟರು, ಗದ್ದಲ ಕೇಳಿ ಟ್ರಾಕ್ಟರ್ ಬಿಟ್ಟು ಬಂದ ಗಂಡ, ಮೂವರೂ ದೂರದಲ್ಲೇ ನಿಂತರು.

"ಮಾವ," ಅಂದಳು ಅವಳು, ಎಂದಿನಂತೆ ಹಿಂದಿನಿಂದಲೇ. ಅವರು ಅಲುಗಲಿಲ್ಲ. ಚಳಿಗಾಲದಿಂದ ಅವಳು ಮಾತಾಡಿದ್ದೆಲ್ಲ ಈ ಬೆನ್ನಿಗೇ. ಈ ಬೆನ್ನಿನ ಮೇಲೆಯೇ ಅವಳು ಅಷ್ಟೆಲ್ಲ ಸಿಟ್ಟು ಬೆಳೆಸಿಕೊಂಡು ಬಂದದ್ದು.

ಸುತ್ತು ಬಳಸಿ ಬಂದು ಅವರ ಎದುರಿಗೆ ಮಂಡಿಯೂರಿದಳು. ಮಾವ ಅವಳ ತುಟಿಯನ್ನೇ ನೋಡಿದರು. ಆಮೇಲೆ ತಾವೇ ಮಾತು ತೆಗೆದರು.

"ಗೊತ್ತಾಯ್ತಾ ನಿನಗೆ? ನೀನು ದಿನಾ ಗೇಟಲ್ಲಿ ನಿಂತು ನನ್ನ ಕಿವಿ ಬಗ್ಗೆ ಹೇಳ್ತೀಯಲ್ಲಮ್ಮ, ಆ ಮಾತು ನನಗೆ ಕೇಳಿಸಲ್ಲ. ಆದ್ರೆ ನಿನ್ನ ಮುಖ ಕಾಣುತ್ತೆ. ಆ ಮುಖ ನೋಡ್ಕೊಂಡು ಹೇಗೆ ಹೇಳ್ಲಿ, ನನ್ನ ಕಿವಿ ಹೋಯ್ತು ಅಂತ?"

ಅವಳಿಗೆ ಅಳು ಉಕ್ಕಿ ಬಂತು. ಮಾವ ಅವಳ ಮಡಿಲಿನಲ್ಲಿದ್ದ ಹಣ್ಣನ್ನು ನೋಡಿದರು, ಕೈ ಚಾಚಿದರು, ಬಡಿಯಲು ಗೆಣ್ಣು ಮಡಚಿದರು. ಹಾಗೇ ಕೈ ಹಿಂದಕ್ಕೆ ತೆಗೆದುಕೊಂಡರು.

"ನೀನು ಬಡಿ," ಅಂದರು. "ಇಷ್ಟು ವರ್ಷ ಬುಟ್ಟಿ ಹಿಡ್ಕೊಂಡು ನನ್ನ ಹಿಂದೆ ಬಂದಿದ್ದೀಯ. ನಿನಗೂ ಕೇಳಿಸಿರಲೇಬೇಕು."

ಅವಳು ಬಡಿದಳು. ಒಮ್ಮೆ. ಧೈರ್ಯ ಸಾಲದೆ ಇನ್ನೊಮ್ಮೆ. ಒಳಗಿನಿಂದ ದಪ್ಪನೆಯ, ತುಂಬಿದ ಸದ್ದು ಬಂತು. ಮಾವನ ಹಿಂದೆ ನಡೆಯುತ್ತ ಅವಳು ಎಷ್ಟೋ ಸಲ ಕೇಳಿದ್ದ ಸದ್ದು, ಗಮನಕ್ಕೆ ಬಂದದ್ದು ಮಾತ್ರ ಇವತ್ತೇ.

"ಗಟ್ಟಿ ಇದೆ ಮಾವ!" ಅವಳು ಹೊಲದ ಆಚೆ ತುದಿಗೆ ಕೇಳುವಂತೆ ಕಿರುಚಿದಳು. "ಗಟ್ಟಿ ಇದೆ!"

ಮಾವ ಬೆಚ್ಚಿ ಹಿಂದೆ ಸರಿದರು. ಕಣ್ಣಿನಲ್ಲಿ ನೀರಿತ್ತು, ತುಟಿಯಲ್ಲಿ ನಗುವೂ ಬಂತು.

"ಯಾಕಮ್ಮ ಅಷ್ಟು ಕೂಗ್ತೀಯ? ಎದುರಿಗೇ ಇದ್ದೀಯಲ್ಲ ಈಗ."